ಸಮುದ್ರದಿಂದ ಹೊರಟ ಹೊಳೆ

ನಾನು ತವರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಬೇಕೆಂದು ಗೊತ್ತುಮಾಡುತ್ತಿದ್ದುದು ನಾನಲ್ಲ, ನನ್ನ ಗಂಡನೂ ಅಲ್ಲ, ಗಂಗೊಳ್ಳಿಯ ಅಳಿವೆ. ಕುಂದಾಪುರದ ಬದಿಯಲ್ಲಿ ಐದು ಹೊಳೆಗಳು ಕೂಡಿ ಕಡಲಿಗೆ ಸೇರುವ ಜಾಗವಿದೆಯಲ್ಲ, ಅಲ್ಲಿನ ಒಂದು ಕುದ್ರು ನನ್ನೂರು. ಕುದ್ರು ಎಂದರೆ ಹೊಳೆಯ ನಡುಗಡ್ಡೆ. ಸುತ್ತ ನೀರು, ಒಳಗೆ ತೆಂಗು, ಗದ್ದೆ, ಒಂದಷ್ಟು ಮನೆ. ಕಡಲು ಏರಿದರೆ ಭರತ. ಆಗ ಹೊಳೆಯ ನೀರು ಬಂದ ದಾರಿಯಲ್ಲೇ ತಿರುಗಿ ಮೇಲಕ್ಕೆ ಹೋಗುತ್ತದೆ. ಕಡಲು ಇಳಿದರೆ ಇಳಿತ. ಆಗ ಎಲ್ಲರ ಹೊಳೆಗಳಂತೆ ನಮ್ಮದೂ ಕಡಲ ಕಡೆಗೆ ಹೋಗುತ್ತದೆ. ಅಬುಧಾಬಿಯ ಬನಿಯಾಸ್‌ನ ಫ್ಲ್ಯಾಟಿನಿಂದ ನಾನು ಶುಕ್ರವಾರ ಫೋನ್ ಹಚ್ಚಿದರೆ ಅಮ್ಮ ಒಮ್ಮೊಮ್ಮೆ ಆರಾಮಾಗಿ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಒಮ್ಮೊಮ್ಮೆ ಮಾತು ಶುರುವಾಗುವ ಮೊದಲೇ, "ಭರತ ಬಂತ್, ಮತ್ ಮಾತಾಡ್ತೆ" ಎಂದು ಇಟ್ಟೇಬಿಡುತ್ತಿದ್ದಳು. ನಮ್ಮ ಗದ್ದೆಯ ದಂಡೆಯಲ್ಲಿ ನೀರು ಒಳಬರಲು ಒಂದು ಕಂಡಿ, ಕಂಡಿಗೆ ಒಂದು ಮರದ ಹಲಗೆ. ಹಲಗೆ ಎತ್ತಬೇಕೋ ಇಳಿಸಬೇಕೋ ಎಂದು ಆ ಹೊತ್ತಿಗೆ ಸರಿಯಾಗಿ ನೋಡದಿದ್ದರೆ ಬೆಳೆ ಕೈಬಿಟ್ಟ ಹಾಗೆ. ಅಣ್ಣ, ಅತ್ತಿಗೆ ಮನೆಯಲ್ಲೇ ಇದ್ದರೂ ಹಲಗೆಯ ಅಧಿಕಾರವನ್ನು ಅಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನನ್ನ ಮಗಳಿಗೆ ಇದೊಂದೂ ಹಿಡಿಸುತ್ತಿರಲಿಲ್ಲ. ಅವಳು ಹುಟ್ಟಿದ್ದು ಅಬುಧಾಬಿಯಲ್ಲಿ, ಮಾತಾಡುವುದು ಇಂಗ್ಲಿಷು, ಸಿಟ್ಟು ಬಂದರೆ ಹಿಂದಿ. ಫೋನ್ ಕೊಟ್ಟರೆ "ಹಾಯ್ ಅಮ್ಮಮ್ಮ" ಎಂದು ಹೇಳಿ, ಬಿಸಿ ಪಾತ್ರೆ ಮುಟ್ಟಿದವಳಂತೆ ನನ್ನ ಕೈಗೆ ವಾಪಸು ಕೊಡುತ್ತಿದ್ದಳು. ಅಮ್ಮಮ್ಮನಿಗೆ ನೀರು ಬಿಟ್ಟರೆ ಬೇರೆ ವಿಷಯವೇ ಇಲ್ಲವಾ ಎಂದು ಆಮೇಲೆ ಕೇಳುವಳು. ರಜೆಗೆ ಹೋದಾಗ ದೋಣಿ ಅಲ್ಲಾಡುತ್ತದೆ, ಕೆಸರು ನಾರುತ್ತದೆ, ನೆಟ್ ಇಲ್ಲ ಎಂದು ಮುಖ ಊದಿಸಿಕೊಂಡೇ ಇರುವಳು. ನಿಮ್ಮ ಊರು ಯಾವುದು ಎಂದು ಗೆಳತಿಯರು ಕೇಳಿದರೆ "ಮ್ಯಾಂಗಲೋರ್" ಎಂದುಬಿಡುತ್ತಿದ್ದಳು. ಕುಂದಾಪುರ ಎಂದಾದರೂ ಹೇಳಬಾರದೇ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ಕುದ್ರು ಎಂಬ ಪದವಂತೂ ಅವಳ ಬಾಯಿಂದ ಬಂದದ್ದೇ ಇಲ್ಲ.

ನನಗೋ ಹೊಳೆಯವಳೆಂಬ ಜಂಬ ಸಣ್ಣದಲ್ಲ. ನಮ್ಮ ಕರಾವಳಿಯ ಮನೆಗಳ ಹೆಂಚೆಲ್ಲ ನಮ್ಮಂಥ ಹೊಳೆಬದಿಯ ಜೇಡಿಮಣ್ಣು. ನನ್ನ ಅಜ್ಜ ಹೊಳೆಬದಿಯ ಮಣ್ಣನ್ನು ದೋಣಿಗೆ ತುಂಬಿ ಹೆಂಚಿನ ಕಾರ್ಖಾನೆಗೆ ಸಾಗಿಸಿದವರು. ಊರಿನ ಯಾವ ಮನೆಯ ಮಾಡನ್ನು ನೋಡಿದರೂ ಅದು ನಮ್ಮದೇ ಮಣ್ಣು ಎನ್ನುವ ಭಾವ ಅವರಿಗಿತ್ತು, ನನಗೂ ಅದೇ ಬಂದಿದೆ. ತೆಂಗಿನ ಬುಡಕ್ಕೆ ಹಾಕುವುದು ಹೊಳೆಯ ಹೂಳು. ಅಷ್ಟೇಕೆ, ನಾವು ನಿಂತ ನೆಲವೇ ಹೊಳೆ ತಂದು ಹಾಕಿದ್ದು. ಒಮ್ಮೆ ದುಬೈಗೆ ಹೋದಾಗ ಗಂಡ ನಮ್ಮನ್ನು ಖೋರ್ ಎನ್ನುವ ಕ್ರೀಕ್ ದಾಟಿಸುವ ದೋಣಿಯಲ್ಲಿ ಕೂರಿಸಿ, "ಕಾಣ್, ನಿನ್ನ ಹೊಳೆ" ಎಂದರು. ಒಂದು ಹೊಳೆಯೂ ಬಂದು ಸೇರದ ಉಪ್ಪುನೀರಿನ ಚಾಚನ್ನು ಹೊಳೆ ಎನ್ನುವುದಾದರೆ ನಮ್ಮ ಬಾತ್‌ಟಬ್ಬೂ ಹೊಳೆಯೇ ಎಂದೆ. ಎದುರಿಗೆ ಕೂತ ಮಲಯಾಳಿ ದಂಪತಿಗೆ ಕನ್ನಡ ಬರುತ್ತಿತ್ತೋ ಏನೋ, ನಕ್ಕರು.

ಎರಡು ಸಾವಿರದ ಹತ್ತು ದಾಟಿದ ಮೊದಲ ವರ್ಷಗಳು ಅವು, ವಾಟ್ಸಾಪ್ ಎಲ್ಲರ ಮನೆಗೂ ಹೊಸದು. ಗಂಡನಿಗೆ ಕೆಲಸ ದೂರದ ರುವೈಸ್‌ನ ರಿಫೈನರಿಯಲ್ಲಿ, ಪೈಪ್ ಟೆಕ್ನಿಷಿಯನ್. ಗುರುವಾರ ಸಂಜೆ ಬನಿಯಾಸ್‌ಗೆ ಬಂದು ಶನಿವಾರ ಸಂಜೆ ಮರಳುವರು. ನಾನು ಒಂದು ಇಂಡಿಯನ್ ಸ್ಕೂಲಿನಲ್ಲಿ, ಹೆರಿಗೆ ರಜೆಗೆ ಹೋದ ಟೀಚರೊಬ್ಬರ ಜಾಗದಲ್ಲಿ, ಆರನೇ ಕ್ಲಾಸಿಗೆ ಸಮಾಜ ಪಾಠ ಮಾಡುತ್ತಿದ್ದೆ. ನನ್ನ ಮಗಳೂ ಅದೇ ಕ್ಲಾಸು. ಮನೆಯಲ್ಲಿ ಅಮ್ಮ, ಅಲ್ಲಿ ಮ್ಯಾಮ್. ಚಳಿಗಾಲದ ರಜೆ ಮುಗಿಯುವ ಹೊತ್ತಿಗೆ ಆ ಟೀಚರು ವಾಪಸು ಬರುವುದಿಲ್ಲ ಎಂದು ತಿಳಿಯಿತು. ಜಾಗ ಖಾಲಿಯಾಯಿತು. ಪ್ರಿನ್ಸಿಪಾಲರು ನನ್ನ ಒಂದು ಪಾಠ ನೋಡಿ, ಖಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನ ಹೇಳುತ್ತಾರೆ ಎಂದು, ಟೀಚರುಗಳ ಪಾಠ ನೋಡಿಕೊಳ್ಳುವ ಸೂಪರ್‌ವೈಸರ್ ಮೇಡಂ ಹೇಳಿದರು.

ಖಾಯಂ ಆಗದಿದ್ದರೆ ರುವೈಸ್. ಅಲ್ಲಿ ಕಂಪನಿ ಮನೆ ಸಿಗುತ್ತಿತ್ತು. ಊರು ಚೊಕ್ಕ, ರಸ್ತೆಬದಿಯಲ್ಲಿ ಹೂ, ಎಲ್ಲ ಅಚ್ಚುಕಟ್ಟು. ಎರಡು ಕಡೆ ಸಂಸಾರ ಯಾಕೆ ಎಂದು ಗಂಡ ಕೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಲ್ಲಿ ನನಗೆ ಕೆಲಸವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ವರ್ಷಗಟ್ಟಲೆ ಹೌಸ್‌ವೈಫ್ ವೀಸಾದಲ್ಲಿ ಕೂತು, ಬಿ.ಎಡ್. ಸರ್ಟಿಫಿಕೇಟನ್ನು ಅಟೆಸ್ಟ್ ಮಾಡಿಸಿ, ಕಡೆಗೂ ಒಂದು ಕ್ಲಾಸಿನ ಮುಂದೆ ನಿಂತಿದ್ದೆ. ಬೆಳಿಗ್ಗೆ ಸ್ಕೂಲ್ ಬಸ್ ಹತ್ತುವಾಗ ನಾನೂ ಒಬ್ಬಳು ಎಂದು ಅನ್ನಿಸುತ್ತಿತ್ತು. ಆ ಕೆಲಸ ನನಗೆ ಬೇಕಿತ್ತು. ಬಾಯಿಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು.

ನೋಡುವ ಪಾಠ ಯಾವುದು ಎಂದು ಸೂಪರ್‌ವೈಸರ್ ಮೇಡಂ ಆರಿಸಿ ಕೊಟ್ಟರು: ನದಿ ಬಯಲಿನ ನಾಗರಿಕತೆಗಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊಳೆಯ ನಡುವೆ ಹುಟ್ಟಿದವಳಿಗೆ ಹೊಳೆಯ ಪಾಠ. ಮನೆಗೆ ಬಂದು ಪುಸ್ತಕ ತೆರೆದೆ. ಮೊದಲ ಸಾಲೇ ಪಿತ್ತ ನೆತ್ತಿಗೇರಿಸಿತು. ನದಿ ದಡದಲ್ಲಿ ನೀರು ಸುಲಭವಾಗಿ ಸಿಗುತ್ತಿದ್ದುದರಿಂದ ಅಲ್ಲಿ ನಾಗರಿಕತೆಗಳು ಬೆಳೆದವು ಎಂದಿತ್ತು. ಸುಲಭವಾಗಿ ಎಂದು ಬರೆದವರು ಒಂದು ಮಳೆಗಾಲ ನಮ್ಮ ಕುದ್ರುವಿನಲ್ಲಿ ಇದ್ದು ಹೋಗಲಿ ಎಂದುಕೊಂಡೆ.

ನೀರು ಸಿಕ್ಕಿದ ಮಾತ್ರಕ್ಕೆ ಊರು ಆಗುವುದಿಲ್ಲ. ನಮ್ಮ ಕುದ್ರುವಿನ ಸುತ್ತ ಇರುವುದು ಒಂದೇ ದಂಡೆ. ನಮ್ಮ ಗದ್ದೆಯ ಮುಂದಿನ ತುಂಡನ್ನು ನೋಡಿಕೊಳ್ಳಬೇಕಾದವರು ನಾವು, ಪಕ್ಕದ ತುಂಡನ್ನು ಪಕ್ಕದವರು. ಪಕ್ಕದವರು ಸೋಮಾರಿಗಳಾಗಿ ಏಡಿ ಕೊರೆದ ಬಿಲ ಮುಚ್ಚದೆ ಬಿಟ್ಟರೆ ಉಪ್ಪುನೀರು ಅವರ ಗದ್ದೆಗೆ ಮಾತ್ರ ನುಗ್ಗುವುದಿಲ್ಲ, ಇಡೀ ಕುದ್ರುವಿಗೇ ನುಗ್ಗುತ್ತದೆ. ಅದಕ್ಕೇ ಮಾತು ಬಿಟ್ಟ ಮನೆಯವರೂ ದಂಡೆ ಕಟ್ಟುವ ದಿನ ಸಾಲಿನಲ್ಲಿ ನಿಂತು ಒಬ್ಬರ ಕೈಯಿಂದ ಒಬ್ಬರು ಮಣ್ಣಿನ ಬುಟ್ಟಿ ದಾಟಿಸಬೇಕು. ಅಷ್ಟು ಹೊತ್ತೂ ಮಾತಿಲ್ಲ, ಬುಟ್ಟಿ ಮಾತ್ರ ಹೋಗುತ್ತದೆ. ಯಾರು ಯಾವಾಗ ಹಲಗೆ ಎತ್ತಬೇಕು ಎಂಬ ಜಗಳ, ಆ ಜಗಳ ಬಗೆಹರಿಸಲು ಒಬ್ಬ ಹಿರಿಯ, ಹಿರಿಯನ ಮಾತು ನೆನಪಿಡಲು ಒಂದು ಗುರುತು. ನೈಲ್ ದಡದಲ್ಲಿ, ಸಿಂಧೂ ಬಯಲಿನಲ್ಲಿ, ಯೂಫ್ರೆಟಿಸ್ ಕಾಲುವೆಗಳ ಬದಿಯಲ್ಲಿ ರಾಜ, ಲೆಕ್ಕ, ಲಿಪಿ, ಕಾನೂನು ಎಂದು ಪುಸ್ತಕ ಹೇಳುವುದೆಲ್ಲ ಇಂಥ ಜಗಳದಿಂದಲೇ ಹುಟ್ಟಿರಬೇಕೆಂದು ನನ್ನ ನಂಬಿಕೆ. ಹೊಳೆ ಜನರಿಗೆ ನೀರು ಕೊಟ್ಟದ್ದಕ್ಕಿಂತ, ಆಗದವರನ್ನೂ ಒಂದೇ ದಂಡೆಯ ಮೇಲೆ ನಿಲ್ಲಿಸಿದ್ದು ದೊಡ್ಡದು.

ಪಾಠಕ್ಕೆ ಮೊದಲು ಮಕ್ಕಳಿಗೆ ಒಂದು ಹೋಮ್‌ವರ್ಕ್ ಕೊಟ್ಟೆ: ಒಂದು ನದಿ ಬರೆದು, ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬಾಣ ಹಾಕಿ. ಬಂದ ಚಿತ್ರಗಳನ್ನು ನೋಡಿ ನಗುವುದೋ ಅಳುವುದೋ ತಿಳಿಯಲಿಲ್ಲ. ಹೆಚ್ಚಿನವರ ನದಿ ಶೇಖ್ ಜಾಯೆದ್ ರಸ್ತೆಯ ಹಾಗೆ ನೇರ, ಎರಡೂ ಬದಿಗೆ ಬೇಲಿ. ಒಬ್ಬ ನದಿಗೆ ಗೇಟು ಇಟ್ಟಿದ್ದ. ಪಾಪ, ಅವರ ತಪ್ಪಲ್ಲ. ಅವರು ಕಂಡ ನೀರೆಲ್ಲ ಬೇಲಿಯೊಳಗಿನದ್ದು. ಆದರೆ ನನ್ನ ಮಗಳ ಚಿತ್ರ ನೋಡಿ ಕೈ ಅಲ್ಲೇ ನಿಂತಿತು. ಅವಳು ಕಡಲಿನಿಂದ ಬಾಣ ಎಳೆದಿದ್ದಳು. ನೀರು ಕಡಲಿನಿಂದ ಹೊರಟು, ನೆಲದ ಒಳಗೆ ಬಂದು, ಹೊಲಗಳಿಗೆ ಕವಲಾಗಿ, ಕೊನೆಗೆ ಬೆಟ್ಟದ ಬುಡ ಮುಟ್ಟುತ್ತಿತ್ತು.

ಹೀಗೇಕೆ ಬರೆದೆ ಎಂದು ಕೇಳಿದೆ. ನಾನು ಇಷ್ಟು ದಡ್ಡಿಯೇ ಎಂಬಂತೆ ನನ್ನನ್ನು ನೋಡಿದಳು. ದುಬೈ ರಸ್ತೆಯಲ್ಲಿ ಹೋಗುವಾಗ ಕಾಣುವ ದೊಡ್ಡ ಚಿಮಣಿಗಳ ಜಾಗಕ್ಕೆ ಹೋದ ವರ್ಷ ಸ್ಕೂಲಿನವರು ಟ್ರಿಪ್ ಕರೆದುಕೊಂಡು ಹೋಗಿದ್ದರು. ಅಲ್ಲಿ ಕಡಲ ನೀರಿನ ಉಪ್ಪು ತೆಗೆದು ಪೈಪಿನಲ್ಲಿ ಊರುಗಳಿಗೆ, ಅಲ್ ಐನ್‌ನ ಬೆಟ್ಟದ ಬುಡದವರೆಗೂ ಕಳಿಸುತ್ತಾರೆ ಎಂದು ತೋರಿಸಿದ್ದರು. ನೀರು ಬರುವುದು ಕಡಲಿನಿಂದ, ಹೋಗುವುದು ಬೆಟ್ಟದ ಕಡೆಗೆ. ಅವಳಿಗೆ ಗೊತ್ತಿದ್ದದ್ದು ಅದೊಂದೇ ದಿಕ್ಕು. ಈ ದೇಶದಲ್ಲಿ ಹುಟ್ಟಿದ ಮಕ್ಕಳಲ್ಲದೆ ಬೇರೆ ಯಾರೂ ಆ ತಪ್ಪು ಮಾಡಲಾರರು.

ಆದರೆ ಅದನ್ನು ತಪ್ಪು ಎನ್ನಲು ನನ್ನ ನಾಲಗೆ ಏಳಲಿಲ್ಲ. ಅವಳ ಬಾಣದ ದಿಕ್ಕಿಗೇ ನನ್ನ ಕುದ್ರುವಿನ ಹೊಳೆ ದಿನವೂ ತಿರುಗುತ್ತದೆ. ಮಳೆಗಾಲ ಮುಗಿದ ಮೇಲೆ ಹೊಳೆಯ ನೀರು ಇನ್ನೂ ಸಿಹಿಯಾಗಿರುತ್ತದೆ. ಆಗ ಭರತ ಬಂದರೆ ಕಡಲು ತಾನು ಒಳಗೆ ಬರುವ ಮೊದಲು ಆ ಸಿಹಿನೀರನ್ನೇ ಹಿಂದಕ್ಕೆ ನೂಕುತ್ತದೆ. ಹಲಗೆ ಎತ್ತಿದರೆ ಸಾಕು, ಏತ ಬೇಡ, ಪಂಪು ಬೇಡ, ನೀರು ತಾನಾಗಿ ಗದ್ದೆ ಹತ್ತುತ್ತದೆ. ಇರಾಕಿನ ಬಸ್ರಾ ಕಡೆಯ ಖರ್ಜೂರದ ತೋಟಗಳಿಗೂ ಭರತದ ನೂಕಿಗೇ ನದಿನೀರು ಏರುತ್ತಿತ್ತು ಎಂದು ಒಂದು ಕಡೆ ಓದಿದ್ದೆ. ಓದಿದ ದಿನ ನನ್ನ ಅಮ್ಮನಿಗೆ ಅಲ್ಲೊಬ್ಬ ನೆಂಟಳು ಸಿಕ್ಕಿದಷ್ಟು ಹಿಗ್ಗಿದ್ದೆ. ಬೇಸಗೆ ಹತ್ತಿರವಾದಂತೆ ಹೊಳೆ ಉಪ್ಪಾಗುತ್ತಾ ಬರುತ್ತದೆ. ಅಮ್ಮ ಬೆರಳು ಅದ್ದಿ ನಾಲಗೆಗೆ ಇಟ್ಟು ನೋಡಿ ಹಲಗೆ ಇಳಿಸುತ್ತಾಳೆ. ಅದೇ ಸೀಮೆಯ ಹಳೆಯ ಸುಮೇರ್ ದೇಶದಲ್ಲಿ ನೀರುಣಿಸಿ ನೀರುಣಿಸಿ ಹೊಲಗಳು ಉಪ್ಪುಗಟ್ಟಿದವಂತೆ. ಒಂದು ನಾಲಗೆಯ ಅಂದಾಜು ತಪ್ಪಿದರೆ ಗದ್ದೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿತ್ರಗಳನ್ನೆಲ್ಲ ಕ್ಲಾಸಿನ ಬೋರ್ಡಿಗೆ ಹಚ್ಚಿದೆ, ಅವಳದ್ದನ್ನೂ. ಸೂಪರ್‌ವೈಸರ್ ಮೇಡಂ ಬಂದು ನೋಡಿದರು. ಅವರು ಕಾನ್ಪುರದವರು, ಗಂಗೆಯ ದಡದಲ್ಲಿ ಬೆಳೆದವರು, ಶಿಸ್ತಿನವರು, ಒಳ್ಳೆಯವರೂ ಹೌದು. ಪಾಠ ನೋಡುವ ದಿನ ಗೋಡೆಯ ಮೇಲೆ ತಪ್ಪು ಚಿತ್ರ ಇದ್ದರೆ ನಿಮಗೇ ಕೆಡುಕು, ತೆಗೆದುಬಿಡಿ ಎಂದು ಮೆಲ್ಲಗೆ ಹೇಳಿದರು. ನದಿ ಎತ್ತರದಿಂದ ತಗ್ಗಿಗೆ ಹರಿಯುತ್ತದೆ, ಇದರಲ್ಲಿ ಚರ್ಚೆ ಏನಿದೆ ಎಂದರು. ಚಿತ್ರ ತಪ್ಪಲ್ಲ, ನದಿಯ ಅರ್ಧ ಕತೆ ಎಂದೆ. ನಿಮ್ಮ ಮಗಳದ್ದು ಎಂದು ಇಟ್ಟುಕೊಂಡಿದ್ದೀರಾ ಎಂದು ಅವರು ಕೇಳಿದಾಗ ಮೈಯೆಲ್ಲ ಉರಿಯಿತು. ಅವರ ಗಂಗೆ ಒಂದೇ ಕಡೆಗೆ ಹೋಗುತ್ತದೆ, ಅಷ್ಟಕ್ಕೇ ಎಲ್ಲರ ಹೊಳೆಯೂ ಹಾಗೇ ಇರಬೇಕೆಂದು ಇದೆಯೇ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಮ್ಯಾಮ್, ಚಿತ್ರ ಅಲ್ಲೇ ಇರಲಿ. ಅದು ಯಾಕೆ ಸರಿ ಅಂತ ಪಾಠದಲ್ಲಿ ತೋರಿಸ್ತೇನೆ. ತೋರಿಸೋಕೆ ಆಗಲಿಲ್ಲ ಅಂದ್ರೆ ರಿಪೋರ್ಟಿನಲ್ಲಿ ನೀವು ಹೇಳಿದ್ದೇ ಬರೆಯಿರಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಹೇಳಿ ಕಾರಿಡಾರಿಗೆ ಬಂದ ಮೇಲೆ ಏನು ಮಾಡಿಬಿಟ್ಟೆನೆಂದು ಅರಿವಾಯಿತು. ಬೇಕಾಗಿದ್ದ ಕೆಲಸವನ್ನು ಒಂದು ಬಾಣಕ್ಕೆ ಕಟ್ಟಿಹಾಕಿದ್ದೆ. ಮಗಳಿಗೆ ಈ ಮಾತೆಲ್ಲ ಹೇಗೋ ಕಿವಿಗೆ ಬಿದ್ದಿತ್ತು. ಸಂಜೆ ಬಸ್ಸಿನಲ್ಲಿ, ನನ್ನದನ್ನು ತೆಗೆದುಬಿಡು ಅಮ್ಮ, ನನಗೇನೂ ಬೇಜಾರಿಲ್ಲ ಎಂದಳು. ನನಗೆ ಬೇಜಾರಿದೆ ಎಂದೆ.

ಆ ವಾರ ಗಂಡ ಬಂದಾಗ ಎಲ್ಲ ಹೇಳಿದೆ. ಸುಮ್ಮನೆ ರುವೈಸ್‌ಗೆ ಬಂದಿದ್ದರೆ ಇಷ್ಟೆಲ್ಲ ತಾಪತ್ರಯ ಇತ್ತಾ ಎಂದು ಕೀಟಲೆ ಮಾಡಿದರು. ಆಮೇಲೆ ಪಾಠಕ್ಕೆ ಒಂದು ಪುಟ್ಟ ನದಿ ಮಾಡಿಕೊಡಲು ಶರ್ಟಿನ ತೋಳು ಮಡಚಿ ನಿಂತರು. ಸ್ಕೂಲು ಬಿಸಾಡಿದ ಒಂದು ಉದ್ದದ ಪ್ಲೈವುಡ್ ಬೋರ್ಡಿಗೆ ಸುತ್ತಲೂ ಪಟ್ಟಿ ಹೊಡೆದರು. ಒಂದು ತುದಿಗೆ ಬಟ್ಟೆ ಒಗೆಯುವ ಅಗಲದ ಟಬ್ ಜೋಡಿಸಿ, ಸಂದಿಗೆ ಸಿಲಿಕೋನ್ ಮೆತ್ತಿದರು. ಮೇಲಿನ ತುದಿ ಬೆಟ್ಟ, ಟಬ್ಬು ಕಡಲು. ರಿಫೈನರಿಯಲ್ಲೂ ಇಷ್ಟು ಚೆಂದ ಜಾಯಿಂಟ್ ಕೊಟ್ಟಿಲ್ಲ, ನಿನ್ನ ಹೊಳೆ ಸೋರಿದರೆ ನನ್ನ ಕೆಲಸ ಬಿಟ್ಟೆ ಎಂದರು. ಜಂಬದಲ್ಲಿ ಅವರೇನೂ ನನಗೆ ಕಡಿಮೆಯವರಲ್ಲ.

ಹೊಳೆ ಸೋರಲಿಲ್ಲ. ಹೊಳೆಯೇ ಆಗಲಿಲ್ಲ. ಸ್ಕೂಲಿನ ಹಿಂದಿನ ಖಾಲಿ ಜಾಗದಿಂದ ಮಕ್ಕಳೆಲ್ಲ ಮರಳು ತಂದು ಬೋರ್ಡಿನ ಮೇಲೆ ಹರಡಿ, ಬೆರಳಿನಿಂದ ನದಿ ಕೊರೆದರು. ಮೇಲಿನ ತುದಿಯಲ್ಲಿ ಇಬ್ಬರು ಜಗ್ ಹಿಡಿದು ಬೆಟ್ಟವಾಗಿ ನಿಂತರು. ಸುರಿದರು. ನೀರು ಅಂಗೈಯಷ್ಟು ದೂರ ಬಂದು ಕಾಣೆಯಾಯಿತು. ಮತ್ತೆ ಸುರಿದರು, ಮತ್ತೆ ಕಾಣೆ. ಮರಳು ಬಾಯಾರಿದ ಹಾಗೆ ಅಷ್ಟನ್ನೂ ಕುಡಿದುಬಿಟ್ಟಿತು. "ಮ್ಯಾಮ್, ರಿವರ್ ಖಲಾಸ್" ಎಂದ ಒಬ್ಬ. ಇಡೀ ಕ್ಲಾಸು ನಕ್ಕಿತು, ನನ್ನ ಮಗಳನ್ನು ಬಿಟ್ಟು.

ನನಗೆ ಅದು ಹೊಳೆಯಲೇ ಇಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ನೆಲ ನೀರನ್ನು ಮೇಲೆ ಉಳಿಸಿಕೊಳ್ಳುತ್ತದೆ ಎಂದೇ ಹುಟ್ಟಿದಂದಿನಿಂದ ತಿಳಿದವಳು ನಾನು. ಜೇಡಿಮಣ್ಣು ಕಾಲಿಗೆ ಮೆತ್ತಿಕೊಂಡೇ ಬೆಳೆದದ್ದರಿಂದ ಅದೂ ಒಂದು ವರ ಎಂದು ಗೊತ್ತೇ ಇರಲಿಲ್ಲ. ಬರೀ ನೀರಿದ್ದರೆ ನದಿಯಾಗುವುದಿಲ್ಲ, ಹಿಡಿದಿಡುವ ಮಣ್ಣೂ ಬೇಕು. ಅಬುಧಾಬಿಯಲ್ಲಿ ಜೇಡಿಮಣ್ಣು ಎಲ್ಲಿಂದ ತರುವುದು? ನರ್ಸರಿಯಲ್ಲಿ ಕೇಳಿದರೆ ತೆಂಗಿನ ನಾರಿನ ಪುಡಿ ಕೊಟ್ಟರು. ಬೇಸರದಿಂದ ಮನೆಯ ಕೆಳಗಿನ ಗ್ರೋಸರಿಗೆ ಹಾಲು ತರಲು ಹೋದಾಗ, ಸೋಪಿನ ಸಾಲಿನಲ್ಲಿ ಹಳದಿ ಪ್ಯಾಕೆಟ್ಟುಗಳು ಕಂಡವು. ಮುಲ್ತಾನಿ ಮಿಟ್ಟಿ. ಮುಖಕ್ಕೆ ಹಚ್ಚುವ ಮಣ್ಣು. ಒದ್ದೆಯಾದರೆ ಉಬ್ಬಿ ಮೆತ್ತಗೆ ಅಂಟುವ, ಒಣಗಿದರೆ ಮುಖವನ್ನೇ ಬಿಗಿದುಹಿಡಿಯುವ ಅಪ್ಪಟ ಜೇಡಿ. ಹೆಸರೇ ಮುಲ್ತಾನದ್ದು, ಸಿಂಧೂ ಬಯಲಿನ ಊರು. ಅಂಗಡಿಯವನ ಹತ್ತಿರ ಇದ್ದಷ್ಟನ್ನೂ ಕಟ್ಟಿಸಿಕೊಂಡೆ. ಮದುವೆ ಇದೆಯಾ ಎಂದು ಕೇಳಿದ.

ಅಷ್ಟು ಸಾಲಲಿಲ್ಲ. ಮಕ್ಕಳ ತಾಯಂದಿರ ಗುಂಪಿಗೆ, ಮನೆಯಲ್ಲಿದ್ದರೆ ಕಳಿಸಿ ಎಂದು ವಾಟ್ಸಾಪಿನಲ್ಲಿ ಬರೆದೆ. ಮರುದಿನ ಬೆಳಿಗ್ಗೆ ಕರಾಚಿಯ ತಾಯಿ, ಕೊಲ್ಲಂನ ತಾಯಿ, ಹೈದರಾಬಾದಿನ ತಾಯಿ ಎಲ್ಲರ ಬಾತ್‌ರೂಮ್ ಕಪಾಟಿನ ಪ್ಯಾಕೆಟ್ಟುಗಳು ನನ್ನ ಮೇಜಿನ ಮೇಲಿದ್ದವು. ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿದ್ದವೂ ಇದ್ದವು. ಒಬ್ಬಾಕೆ ಗುಲಾಬಿ ನೀರನ್ನೂ ಕಳಿಸಿದ್ದಳು. ಮಕ್ಕಳು ಮರಳಿನ ಮೇಲೆ ಆ ಮಣ್ಣನ್ನು ಕಲಸಿ ಮೆತ್ತಿ, ನದಿಯ ಪಾತ್ರ ಮಾಡಿ, ಬದಿಗೆ ಕಾಲುವೆ ತೆಗೆದು, ಕಾಲುವೆಯ ಕೊನೆಯಲ್ಲಿ ಮೆಂತ್ಯ ಬಿತ್ತಿದರು. ಮಣ್ಣು ಒಂದೆಡೆ ಬಿರುಕು ಬಿಟ್ಟು ಎಲ್ಲರ ಕಾಲುವೆಯೂ ಒಡೆಯಿತು. ಯಾರು ಮುಚ್ಚಬೇಕು ಎಂದು ಎರಡು ಬೆಂಚಿನವರು ಜಗಳ ಮಾಡಿ, ಕೊನೆಗೆ ದಿನಕ್ಕೊಬ್ಬರು ಒದ್ದೆ ಕೈ ಸವರುವುದೆಂದು ಪಾಳಿ ಮಾಡಿಕೊಂಡರು. ನಾನು ದೂರ ನಿಂತು ನೋಡಿದೆ. ಪಾಠದ ಅರ್ಧ ಅಲ್ಲೇ ಆಗಿಹೋಗಿತ್ತು.

ಪಾಠದ ದಿನ ಪ್ರಿನ್ಸಿಪಾಲರೂ ಸೂಪರ್‌ವೈಸರ್ ಮೇಡಮ್ಮೂ ಹಿಂದಿನ ಬೆಂಚಿನಲ್ಲಿ ಕೂತರು. ಕ್ಲಾಸಿಗೆಲ್ಲ ಬ್ಯೂಟಿ ಪಾರ್ಲರಿನ ವಾಸನೆ. ಮತ್ತೆ ಮರಳು ಕುಡಿದುಬಿಟ್ಟರೆ ಎಂಬ ಭಯ ನನಗೆ. ಆದರೆ ಬೆಟ್ಟವಾಗಿದ್ದ ಇಬ್ಬರು ಜಗ್ ಬಗ್ಗಿಸಿ, ನೀರು ಮೊದಲ ಸಲ ಮಣ್ಣಿನ ಮೇಲೆ ಉಳಿದು, ತಿರುವಿನಲ್ಲಿ ತಿರುಗಿ, ಕೊನೆಯವರೆಗೂ ಹೋಗಿ ಟಬ್ಬಿಗೆ ಬಿದ್ದಾಗ ಭಯ ಹೋಯಿತು. ನದಿ ಮಣ್ಣು ತರುತ್ತದೆ, ಮಣ್ಣಿನಿಂದ ಇಟ್ಟಿಗೆ, ಇಟ್ಟಿಗೆಯಿಂದ ಊರು ಎಂದೆ. ಕಾಲುವೆ ಒಡೆದ ಜಗಳವನ್ನು ಅವರಿಂದಲೇ ಹೇಳಿಸಿ, ನಿಮ್ಮ ಪಾಳಿಯೇ ಮೊದಲ ಕಾನೂನು ಎಂದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಬಂದು ಸೇರುವ ಕೊಲ್ಲಿಯನ್ನು ತೋರಿಸಿದೆ. ನಾವು ಕಾರ್ನಿಷ್ ಬೀಚಿನಲ್ಲಿ ಕಾಲು ಅದ್ದುವುದು ಇದೇ ಕೊಲ್ಲಿಯಲ್ಲಿ, ನಮ್ಮ ನಲ್ಲಿಯ ನೀರು ಹೊರಡುವುದೂ ಇಲ್ಲಿಂದಲೇ ಎಂದಾಗ ಎಲ್ಲರೂ ನಕ್ಷೆಯ ಕಡೆಗೆ ಕತ್ತು ಚಾಚಿದರು. ಮೊದಲ ಊರುಗಳನ್ನು ಕಟ್ಟಿದ ಹೊಳೆಗಳು ಬಂದು ಬೀಳುವ ಕಡಲನ್ನೇ ತಾವು ಕುಡಿಯುತ್ತಿದ್ದೇವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಭರತ. ಕಡಲು ಏರಲಿ ಎಂದೆ. ಒಬ್ಬೊಬ್ಬರಾಗಿ ತಮ್ಮ ಟಿಫಿನ್ ಡಬ್ಬಿಗಳನ್ನು ಟಬ್ಬಿನ ನೀರಿಗೆ ಒತ್ತಿದರು. ನನ್ನ ಮಗಳು ತನ್ನ ದೊಡ್ಡ ಡಬ್ಬಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಟಬ್ಬಿನ ನೀರು ಏರಿತು. ಇಳಿದು ಬರುತ್ತಿದ್ದ ನದಿ ನಿಂತಿತು, ಉಬ್ಬಿತು, ನಿಧಾನಕ್ಕೆ ಹಿಂದಕ್ಕೆ ತಿರುಗಿತು. ಅಲ್ಲಿಯವರೆಗೆ ಒಣಗಿದ್ದ ಬದಿಯ ಕಾಲುವೆಗೆ ತಾನಾಗಿ ನುಗ್ಗಿ, ಮೆಂತ್ಯದ ಬುಡಕ್ಕೆ ಹೋಗಿ ನಿಂತಿತು. ಸೂಪರ್‌ವೈಸರ್ ಮೇಡಂ ಎದ್ದು ಬಂದು ಬಗ್ಗಿ ನೋಡಿದರು.

ಪ್ರಿನ್ಸಿಪಾಲರು ಗೋಡೆಯ ಚಿತ್ರವನ್ನೂ, ಅದರ ಕೆಳಗಿನ ಹೆಸರನ್ನೂ ಓದಿ, ಒದ್ದೆ ಕೈಯಲ್ಲಿ ನಿಂತಿದ್ದ ನನ್ನ ಮಗಳ ಕಡೆ ತಿರುಗಿದರು. ಹಾಗಾದರೆ ನದಿ ಯಾವ ಕಡೆಗೆ ಹರಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದಕ್ಕೆ ಪುಸ್ತಕದಲ್ಲಿ ಉತ್ತರವಿತ್ತು. ಅದನ್ನೇ ಹೇಳಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ, ನನಗೂ ಕೆಡುಕಾಗುತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು ಟಬ್ಬಿನ ಕಡೆ ನೋಡಿದೆ.

"ಡಿಪೆಂಡ್ಸ್, ಸರ್," ಎಂದಳು. "ನೀವು ಯಾವ ಹೊತ್ತಿಗೆ ಕೇಳ್ತೀರಿ ಅನ್ನೋದರ ಮೇಲೆ. ನಮ್ಮ ಕುದ್ರುವಿನಲ್ಲಿ ಎರಡೂ ಕಡೆಗೆ ಹರಿಯುತ್ತೆ."

ಕುದ್ರು ಎಂದರೇನು ಎಂದು ಅವರು ಕೇಳಿದರು. ಆ ಪದಕ್ಕೆ ಅವಳ ಹತ್ತಿರ ಇಂಗ್ಲಿಷ್ ಇರಲಿಲ್ಲ.

"ಹೊಳೆ ನಮಗೆ ಮಾಡಿಕೊಟ್ಟ ಜಾಗ, ಸರ್."

ಅವಳು ಹೇಳಿದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ಕಿವಿಗೆ ಬಿದ್ದದ್ದು 'ನಮಗೆ' ಎಂಬ ಒಂದು ಮಾತು. ಮ್ಯಾಂಗಲೋರ್ ಹುಡುಗಿ ಎಲ್ಲಿ ಹೋದಳೋ. ನಾನು ಬೋರ್ಡಿನ ಕಡೆ ತಿರುಗಿ, ಒರೆಸಲು ಏನೂ ಇಲ್ಲದಿದ್ದರೂ ಡಸ್ಟರ್ ತೆಗೆದುಕೊಂಡು ಒರೆಸಿದೆ. ಟೀಚರ ಕಣ್ಣಲ್ಲಿ ನೀರು ಕಂಡರೆ ಆರನೇ ಕ್ಲಾಸಿನವರು ಬಿಡುವುದಿಲ್ಲ.

ಆ ವಾರದಲ್ಲೇ ಖಾಯಂ ಆಯಿತೆಂದು ತಿಳಿಯಿತು. ಹೇಳಿದ್ದು ಸೂಪರ್‌ವೈಸರ್ ಮೇಡಮ್ಮೇ, ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುವಾಗ. ಆಮೇಲೆ, ಎತ್ತರದಿಂದ ತಗ್ಗಿಗೆ ಬರುವ ಬಾಣವೂ ಆ ಚಿತ್ರದಲ್ಲಿ ಒಂದಿರಲಿ, ನಮ್ಮ ಗಂಗೆಯ ಮರ್ಯಾದೆಗೆ ಎಂದರು. ಅದು ನ್ಯಾಯವೇ. ಮಗಳಿಗೆ ಹೇಳಿದೆ, ಬರೆದಳು. ತನ್ನ ಬಾಣಕ್ಕಿಂತ ಸ್ವಲ್ಪ ಸಣ್ಣದಾಗಿ ಬರೆದಳು. ಗಂಡನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದರೆ, ರುವೈಸ್ ಮನೆ ಹೋಯಿತಲ್ಲ ಎಂದು ಒಂದು ನಿಟ್ಟುಸಿರು ಬಿಟ್ಟು, ಜಾಯಿಂಟ್ ಸೋರಿತಾ ಎಂದು ಕೇಳಿದರು. ಇಲ್ಲ ಎಂದೆ. ಮತ್ತೇನು ಅಂದುಕೊಂಡೆ, ಎಂದರು.

ಶುಕ್ರವಾರ ತವರಿಗೆ ಫೋನ್ ಹಚ್ಚಿದೆ. ಅಮ್ಮನಿಗೆ ಖಾಯಂ ಎನ್ನುವುದರ ಅರ್ಥ ಪೂರ್ತಿ ಆಯಿತೋ ಇಲ್ಲವೋ, ಒಳ್ಳೆಯದಾಯಿತು ಎಂದಳು. ಈ ವರ್ಷ ಬೇಗ ಉಪ್ಪು ಏರುತ್ತಿದೆ, ನಿನ್ನೆ ನಾಲಗೆಗೆ ಇಟ್ಟು ನೋಡಿದೆ, ಇನ್ನು ಹಲಗೆ ಇಳಿಸಿಯೇ ಇಡುವುದು ಎಂದು ಶುರುಮಾಡಿದಳು. ಅಷ್ಟರಲ್ಲಿ ಮಗಳು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ನಾನು ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ಹಾಯ್ ಎನ್ನಲಿಲ್ಲ. ತನಗೆ ಬರುವ ಅಷ್ಟಿಷ್ಟು ಕನ್ನಡವನ್ನು ಒಟ್ಟುಮಾಡಿ ಕೇಳಿದಳು.

"ಅಮ್ಮಮ್ಮ, ಈಗ ನೀರು ಯಾವ ಸೈಡ್ ಹೋಗ್ತಿದೆ?"

ಅಮ್ಮನ ದನಿ ನನಗೂ ಕೇಳಿಸುವಷ್ಟು ಜೋರಾಗಿ ಬಂತು.

"ತಡಿ ಮಗಾ, ಇಡ್ಬೇಡ. ಹೊರ್ಗ್ ಹೋಯಿ ಕಂಡ್ಕಂಡ್ ಹೇಳ್ತೆ."